ಎತ್ತು ಕೂತ ಜಾಗದ ಚರಿತ್ರೆ

ನಿವೃತ್ತರಾದವರು ತಮ್ಮ ಕೆಲಸದ ಬಗ್ಗೆ ಬರೆದದ್ದನ್ನು ನಾನು ಸಾಕಷ್ಟು ಓದಿದ್ದೇನೆ. ಎಲ್ಲರೂ ತಲೆ ನರೆತವರು, ಎಲ್ಲರೂ ವಿನಯವಂತರು. ನನಗೆ ಇನ್ನೂ ಮೂವತ್ತಾಗಿಲ್ಲ. ವಿನಯದ ವಿಷಯದಲ್ಲಿ ನನ್ನ ಮೇಲೆ ಚಿಕ್ಕಂದಿನಿಂದ ದೂರುಗಳಿವೆ. ಆದರೂ ನಾನು ನಿವೃತ್ತ. ಆಕ್ಷೇಪ ಇರುವವರು ಮೊದಲು ನಿವೃತ್ತಿ ಎಂದರೇನು ಎಂದು ಹೇಳಲಿ. ಮಾಡುತ್ತಿದ್ದ ಕೆಲಸ ಮುಗಿದು, ಅದೇ ಕೆಲಸ ಇನ್ನು ಎಲ್ಲಿಯೂ ಸಿಗುವುದಿಲ್ಲ ಎಂದಾದರೆ ಅದಕ್ಕೆ ಬೇರೆ ಯಾವ ಹೆಸರಿದೆ? ನಾನು ಮಾಡಿದ್ದು ಕಾನ್ವೆಂಟಿನ ಸಿಸ್ಟರುಗಳ ಚರಿತ್ರೆ ಬರೆಯುವ ಕೆಲಸ. ಕೊಡಗು ರಾಜ್ಯದಲ್ಲಿ ಆ ಹುದ್ದೆ ಇದ್ದದ್ದು ಒಂದೇ, ಅದರಲ್ಲಿ ಇದ್ದದ್ದು ನಾನೇ. ಈಗ ಹುದ್ದೆಯೂ ಇಲ್ಲ. ರಾಜ್ಯವೂ ಇಲ್ಲ, ಮೈಸೂರಿಗೆ ಸೇರಿಹೋಯಿತು. ರಾಜ್ಯಕ್ಕೇ ನಿವೃತ್ತಿ ಕೊಟ್ಟವರು ನನಗೊಬ್ಬನಿಗೆ ಇಲ್ಲ ಎನ್ನುವುದು ನ್ಯಾಯವಲ್ಲ.

ಮುಂದೆ ಯಾರಾದರೂ ಹುಡುಗರು ಈ ಕೆಲಸಕ್ಕೆ ಬರಬಹುದು. ಬರಲಾರರು ಎನ್ನುವುದಕ್ಕೆ ಪುರಾವೆ ಇಲ್ಲ. ಅವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಕೆಲಸ ಸಿಕ್ಕಿದ್ದು ಮಡಿಕೇರಿಯಲ್ಲಿ, ಚರ್ಚಾಸ್ಪರ್ಧೆಯೊಂದರ ದಿನ. ಕೊಡಗು ಪ್ರತ್ಯೇಕ ರಾಜ್ಯವಾಗಿಯೇ ಇರಬೇಕೇ, ಮೈಸೂರಿಗೆ ಸೇರಬೇಕೇ ಎನ್ನುವುದು ವಿಷಯ. ಆಗ ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯಲ್ಲಿ ಎಲ್ಲ ಕಡೆ ಅದೇ ಮಾತು. ನಾನು ಬೆಳಿಗ್ಗೆ ಪ್ರತ್ಯೇಕ ರಾಜ್ಯದ ಪರ ಮಾತಾಡಿ ಗೆದ್ದೆ. ಮಧ್ಯಾಹ್ನ ಎದುರು ಪಕ್ಷದ ಹುಡುಗನೊಬ್ಬ ಹೊಟ್ಟೆನೋವೆಂದು ಬರಲಿಲ್ಲ. ಅವನ ಜಾಗದಲ್ಲಿ ನಿಂತು ನನ್ನ ಬೆಳಗಿನ ವಾದವನ್ನೆಲ್ಲ ನಾನೇ ಪುಡಿ ಮಾಡಿದೆ. ಅದಕ್ಕೂ ಬಹುಮಾನ ಬಂತು. ಪ್ರಾರ್ಥನೆ ಹಾಡಿಸಲು ಶಾಲೆಯ ಹುಡುಗಿಯರನ್ನು ಕರೆದುಕೊಂಡು ಬಂದಿದ್ದ ಒಬ್ಬ ಮದರ್ ಎರಡನ್ನೂ ಕೂತು ಕೇಳಿದ್ದರು. ಚೆಟ್ಟಳ್ಳಿ ದಾರಿಯಲ್ಲಿರುವ ಸಣ್ಣ ಕಾನ್ವೆಂಟಿನ ಮುಖ್ಯಸ್ಥೆ, ಮದರ್ ಬೆನೆಡಿಕ್ಟಾ. ಎತ್ತರದ ಹೆಂಗಸು, ಮಾತಾಡುವಾಗ ಎದುರಿಗಿದ್ದವರ ಕಾಲರ್ ನೋಡುವ ಅಭ್ಯಾಸ.

"ಇದರಲ್ಲಿ ನಿಮ್ಮ ಸ್ವಂತ ಅಭಿಪ್ರಾಯ ಯಾವುದು?" ಎಂದರು.

"ಸಮಿತಿಯವರು ಯಾವ ಕಡೆ ಕೂರಿಸ್ತಾರೋ ನೋಡ್ಕೊಂಡು ಹೇಳ್ತೀನಿ ಮದರ್."

"ಒಳ್ಳೆಯದು. ನಮಗೆ ಒಂದು ಕಡೆ ಮಾತ್ರ ಸಾಕು."

ವಿಷಯ ಹೀಗಿತ್ತು. ಅವರ ಸನ್ಯಾಸಿನಿ ಸಭೆಯ ಹಿರಿಯರು ಇರುವುದು ಮಂಗಳೂರಿನಲ್ಲಿ. ಎಲ್ಲರಿಗೂ ಮೇಲಿನವರಾದ ಮದರ್ ಜನರಲ್ ಈ ಸಲ ಕಾನ್ವೆಂಟಿನ ಸ್ಥಾಪನೆಯ ಹಬ್ಬಕ್ಕೆ ಖುದ್ದಾಗಿ ಬರುವವರಿದ್ದರು. ಹಬ್ಬದ ಊಟ ಅವರಿಗೆ ನೆಪ. ಮಡಿಕೇರಿಯಲ್ಲಿ ದೊಡ್ಡ ಕಾನ್ವೆಂಟ್ ಇರುವಾಗ ಇಷ್ಟು ಹತ್ತಿರದಲ್ಲಿ ಈ ಸಣ್ಣದು ಏಕೆ, ಮುಚ್ಚಿಬಿಡೋಣ ಎಂದು ಅವರ ಮನಸ್ಸು. ಮುಚ್ಚಿದರೆ ಎಸ್ಟೇಟಿನ ಕೂಲಿಗಳ ಲೈನ್ ಮನೆಗಳ ಮಕ್ಕಳ ಶಾಲೆ, ಮದ್ದಿನ ಕೋಣೆ ಎಲ್ಲ ಹೋಗುತ್ತದೆ. ಸಿಸ್ಟರುಗಳನ್ನು ಬೇರೆ ಬೇರೆ ಊರಿಗೆ ಹಂಚುತ್ತಾರೆ. ಮದರ್ ಜನರಲ್ ಮನಸ್ಸು ತಿರುಗುವ ಹಾಗೆ ಕಾನ್ವೆಂಟಿನ ಚರಿತ್ರೆಯನ್ನು ಯಾರಾದರೂ ಬರೆಯಬೇಕಿತ್ತು.

"ನಾನು ದೇವರನ್ನ ನಂಬೋನಲ್ಲ ಮದರ್. ಮೊದಲೇ ಹೇಳಿಬಿಡ್ತೀನಿ."

"ಅದು ಚರಿತ್ರೆಯಲ್ಲಿ ಬರುವುದು ಬೇಡ. ಮೀನು ತಿಂತೀರಾ?"

"ತಿಂತೀನಿ."

"ಹಾಗಾದರೆ ಸೋಮವಾರ ಬನ್ನಿ."

ಕುಶಾಲನಗರದ ಹತ್ತಿರ ನಮ್ಮ ಮನೆ. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದವರು. ಅಪ್ಪನಿಗೆ ಹೇಳಿದಾಗ, "ವಾದ ಮಾಡೋಕ್ ಸಂಬಳ ಕೊಡ್ತಾರಾ? ಮನೇಲಿ ಇಷ್ಟು ವರ್ಷ ಬಿಟ್ಟಿ ಮಾಡ್ದೆ ಬಿಡು" ಎಂದರು. ಸಿಸ್ಟರುಗಳು ನನ್ನನ್ನು ರೈಟರ್ ಎಂದು ಕರೆಯತೊಡಗಿದ್ದರಿಂದ ಸುತ್ತಲಿನ ಜನ ಎಸ್ಟೇಟಿನ ಹಾಜರಿ ಬರೆಯುವ ರೈಟರೇ ಬಂದನೆಂದು ತಿಳಿದು, ರಜೆ ಕೇಳಲು ನನ್ನ ಹತ್ತಿರ ಬರುತ್ತಿದ್ದರು. ನಾನು ಯಾರಿಗೂ ಇಲ್ಲ ಎನ್ನಲಿಲ್ಲ.

ಈ ಕೆಲಸಕ್ಕೆ ಬರುವವರು ಮೊದಲು ತಿಳಿಯಬೇಕಾದ ನಿಯಮ: ಒಬ್ಬ ಸಿಸ್ಟರ್ ಒಬ್ಬರೇ ಸಿಗುವುದಿಲ್ಲ. ಹೊರಗೆ ಹೋಗಬೇಕಾದರೂ, ಹೊರಗಿನವರ ಜೊತೆ ಮಾತಾಡಬೇಕಾದರೂ ಜೊತೆಗೆ ಇನ್ನೊಬ್ಬರು ಇರಲೇಬೇಕು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಪಾರ್ಲರ್ ಎಂದು ಕರೆಯುವ ಮುಂದಿನ ಕೋಣೆಯಲ್ಲಿ ಒಂದು ಮೇಜು, ಆ ಕಡೆ ಎರಡು ಕುರ್ಚಿ, ಈ ಕಡೆ ನಾನು. ಹಾಗಾಗಿ ನನ್ನ ಸಾಕ್ಷಿಗಳೆಲ್ಲ ಜೋಡಿಯಾಗಿಯೇ ಬರುತ್ತಿದ್ದರು. ಲೋಕದ ಯಾವ ಕೋರ್ಟಿನಲ್ಲಿಯೂ ಒಬ್ಬ ಸಾಕ್ಷಿ ಹೇಳುವಾಗ ಇನ್ನೊಬ್ಬ ಸಾಕ್ಷಿ ಪಕ್ಕದಲ್ಲಿ ಕೂತು ಹಣೆ ಚಚ್ಚಿಕೊಳ್ಳುವುದಿಲ್ಲ. ಇಲ್ಲಿ ಅದೇ ಪದ್ಧತಿ.

ಕಾನ್ವೆಂಟ್ ಶುರುವಾದ ದಿನ ಗಾಡಿಯಿಂದ ಇಳಿದವರಲ್ಲಿ ಉಳಿದಿದ್ದವರು ಇಬ್ಬರೇ. ಅಡುಗೆಯ ಸಿಸ್ಟರ್ ಮಾರ್ತಾ, ಮದ್ದಿನ ಕೋಣೆಯ ಸಿಸ್ಟರ್ ಕ್ಲಾರಾ. ಮಾರ್ತಾ ಮಂಗಳೂರಿನ ಕಡೆಯವರು, ದಪ್ಪಗೆ ಗುಂಡಗೆ. ಕ್ಲಾರಾ ಮೈಸೂರಿನವರು, ಒಣಗಿದ ಮೆಣಸಿನಕಾಯಿಯಂಥ ಮೈಕಟ್ಟು. ಹೊರಗೆ ಹೋಗುವಾಗ ಇವರಿಗೆ ಅವರು, ಅವರಿಗೆ ಇವರು ಜೊತೆ ಎಂದು ಮೊದಲ ದಿನವೇ ಯಾರೋ ನೇಮಿಸಿದ್ದರು. ಆಮೇಲೆ ಬದಲಾಯಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಮೊದಲ ದಿನ ನಾನು ಕೇಳಿದ್ದು ಬಹಳ ಸರಳ ಪ್ರಶ್ನೆ. "ಈ ಜಾಗದಲ್ಲೇ ಯಾಕೆ ಕಾನ್ವೆಂಟ್ ಕಟ್ಟಿದ್ರಿ?"

ಮಾರ್ತಾ ಶಿಲುಬೆ ಗುರುತು ಮಾಡಿಕೊಂಡು ಶುರು ಮಾಡಿದರು. "ನಾವು ಮಂಗಳೂರಿಂದ ಹೊರಟದ್ದು ಸಿದ್ದಾಪುರಕ್ಕೆ ರೈಟರೇ. ಎತ್ತಿನ ಗಾಡಿ. ಸಂಪಾಜೆ ಘಾಟಿ ಹತ್ತಿ, ಮಡಿಕೇರಿ ದಾಟಿ, ಇಲ್ಲಿಗೆ ಬರುವಾಗ ಗಾಡಿ ಎಳೆಯುವ ಎತ್ತು ರಸ್ತೆಯ ನಡುವೆ ಕೂತದ್ದು. ಎಂತ ಮಾಡಿದರೂ ಏಳ್ಳಿಲ್ಲ. ದೇವರ ಚಿತ್ತ ಇಲ್ಲಿಯೇ ಉಂಟು ಅಂತ ನಮಗೆ ಗೊತ್ತಾಯಿತು. ಮೊದಲು ಕೂತದ್ದು ಕೆಂಚ."

"ಬೊಳ್ಳ," ಎಂದರು ಕ್ಲಾರಾ.

"ಕೆಂಚ."

"ಅಲ್ಲಾ ಸಿಸ್ಟರ್, ಕೂತಿದ್ದು ಬಿಳೀದು. ಬೊಳ್ಳ ಕೂತ, ನೊಗ ಎಳೀತು, ಆಮೇಲೆ ಪಾಪ ಕೆಂಚನೂ ಕೂತ. ನೀವು ಗಾಡಿ ಒಳಗೆ ಚಕ್ಕುಲಿ ಡಬ್ಬಿ ಹಿಡ್ಕೊಂಡು ಕೂತಿದ್ರಿ, ನಿಮಗೆ ಏನ್ ಕಾಣತ್ತೆ?"

"ನನಗೆ ಕಾಣುವುದಿಲ್ಲವಾ? ಘಾಟಿಯಲ್ಲಿ ತಲೆ ತಿರುಗಿ ಕಣ್ಣು ಮುಚ್ಚಿ ಮಲಗಿದ್ದು ಯಾರು ಮಾರಾಯ್ತಿ?"

"ಘಾಟಿಲಿ ಮಲಗಿದ್ದೆ. ಇಲ್ಲಿ ಎದ್ದಿದ್ದೆ."

ಅಂದು ಚರಿತ್ರೆ ಅಲ್ಲಿಂದ ಮುಂದೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ನಾನು ಮಧ್ಯೆ ಬಂದು, ದನ ಕೂರುವಾಗ ಮುಂಗಾಲು ಮಡಿಸುವುದು ಸೃಷ್ಟಿಯ ಕ್ರಮ, ಅದನ್ನು ಮೊಣಕಾಲೂರಿದ್ದು ಎಂದು ಯಾರೂ ಪವಾಡಕ್ಕೆ ಸೇರಿಸಬಾರದು ಎಂದು ವಾದ ಹೂಡಿದೆ. ಇಬ್ಬರೂ ನನ್ನನ್ನು ಒಂದು ಕ್ಷಣ ಕರುಣೆಯಿಂದ ನೋಡಿ ತಮ್ಮ ಜಗಳಕ್ಕೆ ಮರಳಿದರು. ಬಹುಮಾನ ಪಡೆದ ವಾದಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ಈ ನಡುವೆ ತಿಳಿದದ್ದು ಇನ್ನೊಂದು. ಕಾನ್ವೆಂಟ್ ಮುಚ್ಚಿದರೆ ಮಾರ್ತಾ ಮೈಸೂರಿಗೆ, ಕ್ಲಾರಾ ಮಂಗಳೂರಿಗೆ ಎಂದು ಮೇಲಿನವರು ಆಗಲೇ ಯೋಚಿಸಿಟ್ಟಿದ್ದರು. ಮೈಸೂರಿನವರನ್ನು ಮೈಸೂರಿಗೆ ಕಳಿಸಿದರೆ ಆಗದೇ ಎಂದು ಮದರ್ ಬೆನೆಡಿಕ್ಟಾರನ್ನು ಕೇಳಿದೆ. ಸ್ವಂತ ಊರಿಗೆ ಹೋಗುವುದು ಮೋಹವಂತೆ. ಆಗಲಿ, ಇಬ್ಬರನ್ನೂ ಒಂದೇ ಕಡೆ ಕಳಿಸಬಹುದಲ್ಲ ಎಂದೆ. "ಅದು ಆ ಊರಿನ ಮೇಲೆ ಅನ್ಯಾಯ," ಎಂದರು.

ಪಾರ್ಲರಿನಲ್ಲಿ ಈ ಮಾತೆತ್ತಿದಾಗ ಮಾರ್ತಾ, "ಹೋದರೆ ಒಳ್ಳೆಯದೇ ರೈಟರೇ. ಇಷ್ಟು ವರ್ಷ ಈ ಶಿಲುಬೆ ಹೊತ್ತದ್ದು ಸಾಕು" ಎಂದು ಕ್ಲಾರಾ ಕಡೆ ಗಲ್ಲ ತೋರಿಸಿದರು.

"ನಾನಂತೂ ಈಗಲೇ ಪೆಟ್ಟಿಗೆ ಕಟ್ಟಿದೀನಿ," ಎಂದರು ಕ್ಲಾರಾ. "ಮಂಗಳೂರಲ್ಲಿ ಅಡುಗೆಗೆ ಉಪ್ಪು ಎಷ್ಟು ಹಾಕಬೇಕು ಅಂತ ಗೊತ್ತಿರೋರು ಇದಾರಂತೆ."

ಪೆಟ್ಟಿಗೆ ಕಟ್ಟಿರಲಿಲ್ಲ. ಮದ್ದಿನ ಕೋಣೆಯ ಕಿಟಕಿಯಿಂದ ಕಾಣುತ್ತಿತ್ತು; ಮಂಚದ ಕೆಳಗೆ ಅದು ಬಾಯಿ ತೆರೆದು ಬಿದ್ದಿತ್ತು, ಅದರಲ್ಲಿ ಕೋಳಿಯೊಂದು ಕಾವು ಕೂತಿತ್ತು.

ಜೋಡಿ ಸಾಕ್ಷಿ ಪದ್ಧತಿಯಿಂದ ಸತ್ಯ ಹೊರಬರುವುದಿಲ್ಲ ಎಂದು ನನಗೆ ಖಚಿತವಾಯಿತು. ಪದ್ಧತಿ ಬದಲಾಯಿಸಿದೆ. ಕ್ಲಾರಾ ಜೊತೆಗೆ ಬೇರೆಯವರನ್ನು ಕಳಿಸಿ ಎಂದು ಮದರ್ ಹತ್ತಿರ ಹಟ ಹಿಡಿದೆ. ಅವರು ಸಿಸ್ಟರ್ ತೆರೇಸಾ ಎಂಬ ಕಿರಿಯರನ್ನು ಕಳಿಸಿದರು. ತೆರೇಸಾ ಬಹಳ ಸಾಧು. ಯಾರು ಏನು ಹೇಳಿದರೂ ತಲೆಯಾಡಿಸುವವರು. ಹೊಸಬರಿಗೆ ಹೇಳುತ್ತೇನೆ, ಇಂಥ ಪ್ರಯೋಗ ಮಾಡಬೇಡಿ.

"ಹೇಳಿ ಸಿಸ್ಟರ್, ಮೊದಲು ಕೂತಿದ್ದು ಬೊಳ್ಳ ಅಲ್ವಾ?"

"ಹೂಂ, ಬೊಳ್ಳ," ಎಂದರು ಕ್ಲಾರಾ. ತೆರೇಸಾ ತಲೆಯಾಡಿಸಿದರು. ಕ್ಲಾರಾ ಪಕ್ಕಕ್ಕೆ ತಿರುಗಿ ಕಾದರು. ತೆರೇಸಾ ಮತ್ತೊಮ್ಮೆ ತಲೆಯಾಡಿಸಿದರು.

"ಆಮೇಲೆ?" ಎಂದೆ.

"ಆಮೇಲೆ ಏನು? ಅಷ್ಟೆ."

"ಬೇರೆ ಏನಾದರೂ ನೆನಪು..."

"ಏನೂ ಹೊಳೀತಿಲ್ಲ ಕಣಪ್ಪ. ಈ ಮಗು ಯಾವುದಕ್ಕೂ ಇಲ್ಲ ಅನ್ನಲ್ಲ. ಗೋಡೆ ಜೊತೆ ಮಾತಾಡಿದ ಹಾಗಾಗತ್ತೆ." ಎದ್ದು ಹೋಗುತ್ತಾ ಬಾಗಿಲಲ್ಲಿ ನಿಂತರು. "ಅವರು ಬರಲ್ವಂತಾ?"

ಮಾರ್ತಾರನ್ನು ಬೇರೆಯವರ ಜೊತೆ ಕೂರಿಸಿದಾಗಲೂ ಇದೇ ಆಯಿತು. ಅವರು ಒಂದು ವಾಕ್ಯ ಹೇಳಿ, ಯಾರಾದರೂ ತಡೆಯುತ್ತಾರೇನೋ ಎಂದು ನಿಂತು, ತಡೆಯುವವರಿಲ್ಲದೆ ಮರೆತೇಬಿಟ್ಟರು. ಹಳೆಯ ಜೋಡಿಯನ್ನೇ ಮತ್ತೆ ಕರೆದೆ. ಆ ದಿನ ಒಂದು ಗಂಟೆಯಲ್ಲಿ ನನಗೆ ಮೂರು ಅಧ್ಯಾಯಕ್ಕಾಗುವಷ್ಟು ಸಿಕ್ಕಿತು: ಮೊದಲ ಗುಡಿಸಲಿಗೆ ಕಾಡುಹಂದಿ ನುಗ್ಗಿದ್ದು, ಮಾರ್ತಾ ಹಂದಿಯನ್ನು ಸೌಟಿನಿಂದ ಅಟ್ಟಿದ್ದು (ಕ್ಲಾರಾ ಪ್ರಕಾರ ಹಂದಿ ಸೌಟು ಕಚ್ಚಿಕೊಂಡು ಹೋದದ್ದು), ಕ್ಲಾರಾ ಇಡೀ ಲೈನಿಗೆ ಹರಳೆಣ್ಣೆ ಕುಡಿಸಿ ಮರುದಿನ ಕಾಫಿ ಹಣ್ಣು ಕೊಯ್ಯಲು ಒಬ್ಬರೂ ಹೋಗದೆ ಎಸ್ಟೇಟಿನ ದೊರೆ ಕುದುರೆ ಏರಿ ಜಗಳಕ್ಕೆ ಬಂದದ್ದು, ಮಾರ್ತಾ ಅವನಿಗೆ ಊಟ ಬಡಿಸಿದ್ದು, ಅವನು ಜಗಳ ಮರೆತು ಎರಡನೆಯ ಸಲ ಸಾರು ಕೇಳಿದ್ದು. ನನ್ನ ಚರಿತ್ರೆಯ ಅರ್ಧ ಭಾಗ ಇವರಿಬ್ಬರ ಪರಸ್ಪರ ಖಂಡನೆಯಿಂದಲೇ ತುಂಬಿದೆ.

ಇನ್ನು ವಾಚನದ ವಿಷಯ. ಸಿಸ್ಟರುಗಳು ಊಟ ಮಾಡುವಾಗ ಮಾತಾಡುವುದಿಲ್ಲ. ಒಬ್ಬರು ನಿಂತು ಪುಣ್ಯಕಥೆ ಓದುತ್ತಾರೆ, ಉಳಿದವರು ಮೌನವಾಗಿ ಉಣ್ಣುತ್ತಾರೆ. ಮದರ್ ಪುಟ್ಟ ಗಂಟೆ ಬಾರಿಸಿದರೆ ಮೌನ, ಮತ್ತೊಮ್ಮೆ ಬಾರಿಸಿದ ಮೇಲೆಯೇ ಮಾತು. ನಾನು ಬರೆದ ಅಧ್ಯಾಯಗಳನ್ನು ಮದರ್ ಈ ವಾಚನಕ್ಕೆ ಹಾಕಿಸಿದರು. ಓದುವವರು ಸಿಸ್ಟರ್ ತೆರೇಸಾ. ಕಾಡುಹಂದಿ ನುಗ್ಗಿದ್ದನ್ನೂ, ಕರ್ತನ ಪ್ರಾರ್ಥನೆಯನ್ನೂ ಅವರು ಒಂದೇ ರಾಗದಲ್ಲಿ ಓದಬಲ್ಲರು. ನನಗೆ ಊಟ ಹೊರಗಿನ ಜಗಲಿಯಲ್ಲಿ. ಕಿಟಕಿಯಿಂದ ನನ್ನದೇ ಬರಹ ಕಿವಿಗೆ ಬೀಳುತ್ತಿತ್ತು.

ಒಬ್ಬರೂ ಎದುರು ಮಾತಾಡದ ಸಭೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೆ ಸ್ವಲ್ಪ ದಿನದಲ್ಲಿ ತಿಳಿಯಿತು, ಅವರು ಸುಮ್ಮನಿರಲಿಲ್ಲ. ಒಪ್ಪಿಗೆಯಾಗದ ವಾಕ್ಯ ಬಂದರೆ ಚಮಚ ತಟ್ಟೆಗೆ ತಾಗುತ್ತಿತ್ತು. ಬಹಳ ತಪ್ಪಾಗಿದ್ದರೆ ನೀರಿನ ಲೋಟ. ಕ್ಲಾರಾ ಮಜ್ಜಿಗೆಯನ್ನು ಸೊರ್ರೆಂದು ಕುಡಿದರೆ ಪೂರ್ತಿ ಖಂಡನೆ. "ಮೊದಲು ಕೂತದ್ದು ಕೆಂಚ ಎಂದು ಒಂದು ಮತ" ಎಂದು ತೆರೇಸಾ ಓದಿದಾಗ ಮಜ್ಜಿಗೆ ಸದ್ದು, "ಬೊಳ್ಳ ಎಂದು ಇನ್ನೊಂದು ಮತ" ಎಂದಾಗ ಅಡುಗೆಮನೆ ಕಡೆಯಿಂದ ಪಾತ್ರೆ ಬಿದ್ದ ಸದ್ದು. "ಆರಂಭದ ದಿನಗಳಲ್ಲಿ ಅನ್ನ ಆಗಾಗ ಸೀಯುತ್ತಿತ್ತು" ಎಂದು ನಾನೊಮ್ಮೆ ಬರೆದಿದ್ದೆ. ಒಳಗೆ ಯಾವ ಸದ್ದೂ ಆಗಲಿಲ್ಲ. ಮರುದಿನದಿಂದ ನನ್ನ ಜಗಲಿಯ ಊಟದಲ್ಲಿ ಉಪ್ಪು ಇರಲಿಲ್ಲ. ಆ ವಾಕ್ಯ ತೆಗೆದುಹಾಕಿದ ದಿನ ಉಪ್ಪು ಮರಳಿ ಬಂತು. ಟೀಕೆಯನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ವಿಮರ್ಶಕರನ್ನು ನಾನು ಬೇರೆಲ್ಲೂ ನೋಡಿಲ್ಲ.

ಹಬ್ಬ ಹತ್ತಿರ ಬಂತು. ಎತ್ತಿನ ವಿಷಯ ಇತ್ಯರ್ಥವಾಗಿರಲಿಲ್ಲ. ಗಾಡಿ ಹೊಡೆದವನೇ ಇನ್ನೂ ಬದುಕಿದ್ದಾನೆಂದು ತಿಳಿದು ನಾನು ಅವನನ್ನು ಹುಡುಕಿಕೊಂಡು ಹೋದೆ. ತಮ್ಮಯ್ಯಜ್ಜ, ಅರೆಭಾಷೆಯ ಗೌಡರ ಪೈಕಿ. ಹಲ್ಲು ಹೋದರೂ ವೀಳ್ಯ ಬಿಟ್ಟಿರಲಿಲ್ಲ. ಮೊಮ್ಮಗಳು ಕುಟ್ಟಿ ಕೊಡುತ್ತಿದ್ದಳು. ಪ್ರತಿ ವರ್ಷ ಸ್ಥಾಪನೆಯ ಹಬ್ಬಕ್ಕೆ ಕಾನ್ವೆಂಟಿನವರು ಅವನಿಗೆ ಹಾರ ಹಾಕಿ ಜಗಲಿಯಲ್ಲಿ ಹಂದಿ ಮಾಂಸದ ಊಟ ಹಾಕುತ್ತಿದ್ದರು. ದೈವಚಿತ್ತವನ್ನು ಗಾಡಿಯಲ್ಲಿ ಹೊತ್ತು ತಂದವನಲ್ಲವೇ.

"ಅಜ್ಜಾ, ನಿಜ ಹೇಳಿ. ಮೊದಲು ಕೂತಿದ್ದು ಕೆಂಚನೋ ಬೊಳ್ಳನೋ?"

ಅಜ್ಜ ಮೊಮ್ಮಗಳನ್ನು ನೀರು ತರಲು ಕಳಿಸಿದ. ಅತ್ತಿತ್ತ ನೋಡಿದ.

"ನೀ ಬರೀದು ಬೇಡ."

"ಬರೆಯಲ್ಲ, ಹೇಳಿ."

"ಎತ್ತ್ ಕೂರ್ಲೇ ಇಲ್ಲೆ ಮಾರಾಯ."

ಎತ್ತು ಕೂರಲೇ ಇಲ್ಲವಾದರೆ ಗಾಡಿ ಏಕೆ ನಿಂತಿತು ಎಂದು ಕೇಳಿದೆ. ಅಜ್ಜ ಕಣ್ಣು ಮುಚ್ಚಿಕೊಂಡ. ಆ ಪ್ರಯಾಣ ಈಗಲೂ ಅವನ ಕಿವಿಯಲ್ಲಿತ್ತು.

"ಮಂಗಳೂರಿಂದ ಶುರು. ಆ ದಪ್ಪ ಅಮ್ಮ ಒಂದ್ ಹೇಳ್ದು, ಈ ಸಪೂರ ಅಮ್ಮ ಒಂದ್ ಹೇಳ್ದು. ಘಾಟಿ ಹತ್ತಕನನೂ ಅದೇ. ಒಬ್ಬರಿಗೆ ತಲೆ ತಿರ್ಗಿತ್ತ್, ಆಗ ಸೊಲ್ಪ ಸುಖ. ಮಡಿಕೇರಿಲಿ ಎದ್ದ್ ಕೂತೊ, ಮತ್ತೆ ಶುರು. ಸಿದ್ದಾಪುರಕ್ಕೆ ಇನ್ನೂ ದೂರ ಉಟ್ಟು. ನಂಗೆ ಸಾಕಾತ್. ಎತ್ತ್ ಬಿಚ್ಚಿದೆ. ಎತ್ತ್ ಕೂತುಟ್ಟು, ಇನ್ನ್ ಏಳ್ದುಲ್ಲೆ, ಇಳೀರಿ ಅಮ್ಮಾಂತ ಹೇಳ್ದೆ. ಅವು ಇಳ್ದ್ ಮೊಣಕಾಲೂರಿ ದೇವರಿಗೆ ಕೈ ಮುಗ್ದೊ." ಅಜ್ಜ ಕಣ್ಣು ತೆರೆದ. "ಕೈ ಮುಗಿಯಕನ ಇಬ್ಬರ ಬಾಯೂ ಮುಚ್ಚಿತ್ತ್. ನಾನೂ ಮುಗ್ದೆ."

ಕಾನ್ವೆಂಟಿಗೆ ವಾಪಸು ಬರುವಾಗ ನನ್ನ ಸ್ಥಿತಿ ಹೇಳತೀರದು. ಪವಾಡವೊಂದನ್ನು ಬುಡಸಹಿತ ಕಿತ್ತಿದ್ದೆ. ಯಾವ ಸಂದೇಹವಾದಿಗೆ ಇಷ್ಟು ಪುಣ್ಯ ಸಿಗುತ್ತದೆ? ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಹೇಳುವುದಿಲ್ಲ ಎಂದಿರಲಿಲ್ಲ. ಮದರ್ ಬೆನೆಡಿಕ್ಟಾ ಅವರಿಗೆ ಹೇಳಿದೆ. ನಿಯಮದಂತೆ ಜೊತೆಗೆ ಕೂತಿದ್ದ ತೆರೇಸಾ ತಲೆಯಾಡಿಸಿದರು.

ಮದರ್ ನನ್ನ ಕಾಲರನ್ನು ಬಹಳ ಹೊತ್ತು ನೋಡಿದರು.

"ಹಾಗಾದರೆ ಈ ಕಾನ್ವೆಂಟ್ ಸ್ಥಾಪನೆಯಾದದ್ದು ಅವರಿಬ್ಬರ ಜಗಳದಿಂದ."

"ಪುರಾವೆ ಹಾಗೆ ಹೇಳುತ್ತೆ ಮದರ್."

"ಮುಚ್ಚುವವರಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೇ? ಮದರ್ ಜನರಲ್ ಎದುರು ಇದು ಬರಬಾರದು. ಕೆಂಚ, ಬೊಳ್ಳ, ಎರಡು ಮತ. ಅಲ್ಲಿಗೆ ನಿಲ್ಲಿಸಿ."

"ಆದರೆ ಎರಡು ಮತವೂ ಸುಳ್ಳು!"

"ನೀವು ಮಡಿಕೇರಿಯಲ್ಲಿ ಹೇಳಿದ ಎರಡರಲ್ಲಿ ಯಾವುದು ನಿಜ ಇತ್ತು?"

ಈ ಪ್ರಶ್ನೆಗೆ ಉತ್ತರವಿದೆ. ಆದರೆ ಅದು ನನಗೆ ಹೊಳೆದದ್ದು ಬಸ್ಸಿನಲ್ಲಿ, ಬಹಳ ದಿನಗಳ ಮೇಲೆ.

ಹಬ್ಬದ ದಿನ ಮದರ್ ಜನರಲ್ ಬಂದರು. ಸಣ್ಣ ಮೈಯ, ಗಟ್ಟಿ ದನಿಯ ಮಂಗಳೂರಿನ ಮುದುಕಿ. ಕಾರಿಂದ ಇಳಿದವರೇ ಹಂಚಿನ ಮಾಡು ನೋಡಿದರು, ಬಾವಿ ನೋಡಿದರು, ಶಾಲೆಯ ಬೆಂಚು ಅಲ್ಲಾಡಿಸಿ ನೋಡಿದರು. ಎಲ್ಲದಕ್ಕೂ "ಹ್ಞಾ" ಎಂದರು. ಯಾವ ಹ್ಞಾಕಾರದಿಂದಲೂ ಏನೂ ತಿಳಿಯುವಂತಿರಲಿಲ್ಲ. ಮಾರ್ತಾ ಬೆಳಗಿನಿಂದ ಅಡುಗೆಮನೆಯಲ್ಲಿ ಎಲ್ಲರನ್ನೂ ಬೈಯುತ್ತಿದ್ದರು. ಕ್ಲಾರಾ ಮಾತ್ರ ಯಾರನ್ನೂ ಬೈಯದೆ ಮದ್ದಿನ ಶೀಶೆಗಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದರು. ಅದನ್ನು ನೋಡಿ ನನಗೆ ಗಾಬರಿಯಾಯಿತು.

ಊಟಕ್ಕೆ ಕೂತರು. ಜಗಲಿಯಲ್ಲಿ ನಾನು, ನನ್ನ ಪಕ್ಕದಲ್ಲಿ ಕೊರಳಿಗೆ ಸೇವಂತಿಗೆ ಹಾರ ಹಾಕಿಕೊಂಡು ತಮ್ಮಯ್ಯಜ್ಜ. ಒಳಗೆ ತೆರೇಸಾ ಚರಿತ್ರೆ ಓದಿದರು. ಹಂದಿ ಬಂತು, ಸೌಟು ಹೋಯಿತು, ಹರಳೆಣ್ಣೆ ತನ್ನ ಕೆಲಸ ಮಾಡಿತು. ಒಳಗೆ ಯಾರೋ ನಗು ನುಂಗಲಾಗದೆ ಕೆಮ್ಮಿದರು. ಅದು ಮದರ್ ಜನರಲ್ ಎಂದು ಆಮೇಲೆ ತಿಳಿಯಿತು. ಎತ್ತಿನ ಭಾಗ ಬಂದಾಗ ಎಂದಿನಂತೆ ಒಂದು ಕಡೆ ಮಜ್ಜಿಗೆ, ಇನ್ನೊಂದು ಕಡೆ ಪಾತ್ರೆ. ವಾಚನ ಮುಗಿದು ಗಂಟೆ ಬಡಿಯಿತು, ಮಾತಿಗೆ ಅಪ್ಪಣೆಯಾಯಿತು. ಕುರ್ಚಿಗಳು ಸರಿದವು. ಮದರ್ ಜನರಲ್ ನೆಟ್ಟಗೆ ಜಗಲಿಗೆ ಬಂದರು. ಹಿಂದೆ ಮದರ್ ಬೆನೆಡಿಕ್ಟಾ, ಅವರ ಹಿಂದೆ ಮಾರ್ತಾ, ಕ್ಲಾರಾ.

"ನೀವಾ ಆ ಗಾಡಿಯವರು?"

ಅಜ್ಜ ಎದ್ದು ನಿಂತ. "ಹೌದು ದೊಡ್ಡ ಮದರಮ್ಮ."

"ಪುಸ್ತಕದಲ್ಲಿ ಎರಡು ಮತ ಉಂಟು ಅಂತ ಬರೆದಿದ್ದಾರೆ. ಎರಡು ಮತ ಎಂತಕ್ಕೆ? ನೀವು ಬದುಕಿದ್ದೀರಲ್ಲ. ಹೇಳಿ, ಮೊದಲು ಕೂತದ್ದು ಯಾವುದು?"

ತಮ್ಮಯ್ಯಜ್ಜನ ಬಾಯಲ್ಲಿದ್ದ ಮಾಂಸದ ತುಂಡು ಅಲ್ಲಿಯೇ ನಿಂತಿತು. ಅವನು ಮಾರ್ತಾರನ್ನು ನೋಡಿದ. ಅವರು ಹುಬ್ಬು ಎತ್ತಿ ಕೆಂಚ ಎನ್ನುತ್ತಿದ್ದರು. ಹಬ್ಬದೂಟ ಹಾಕುವವರು ಅವರು. ಕ್ಲಾರಾರನ್ನು ನೋಡಿದ, ಅವರು ಕತ್ತು ಕೊಂಕಿಸಿ ಬೊಳ್ಳ ಎನ್ನುತ್ತಿದ್ದರು. ಮಂಡಿನೋವಿಗೆ ಎಣ್ಣೆ ಕೊಡುವವರು ಅವರು. ಬೊಳ್ಳ ಎಂದರೆ ಊಟ ಹೋಗುತ್ತದೆ, ಕೆಂಚ ಎಂದರೆ ಮಂಡಿ ಹೋಗುತ್ತದೆ. ಅಜ್ಜ ನನ್ನನ್ನು ನೋಡಿದ. ನಾನು ಕೈ ತೊಳೆಯಲು ಎದ್ದೆ.

"ಕೂರ್ಲೇ ಇಲ್ಲೆ!" ಎಂದುಬಿಟ್ಟ ಅಜ್ಜ. "ಎರಡೂ ಕೂರ್ಲೆ. ಇವರಿಬ್ಬರ ಜಗಳ ಕೇಳಿ ನಂಗೆ ತಡ್ಯಕಾಗ್ಲೆ. ಎತ್ತ್ ಕೂತುಟ್ಟೂಂತ ಸುಳ್ಳ್ ಹೇಳಿ ನಾನೇ ಇಳ್ಸಿದೆ!"

ಮದರ್ ಬೆನೆಡಿಕ್ಟಾ ಕಣ್ಣು ಮುಚ್ಚಿಕೊಂಡರು.

"ಸುಳ್ಳು!" ಎಂದರು ಮಾರ್ತಾ ಮತ್ತು ಕ್ಲಾರಾ. ಒಂದೇ ಉಸಿರಿನಲ್ಲಿ, ಒಂದೇ ದನಿಯಲ್ಲಿ. ಕೂಡಲೇ ಇಬ್ಬರೂ ಬೆಚ್ಚಿ ಒಬ್ಬರನ್ನೊಬ್ಬರು ನೋಡಿಕೊಂಡರು. ಇಂಥದ್ದು ಹಿಂದೆ ನಡೆದಿರಲಿಲ್ಲ.

ಮೊದಲು ಸುಧಾರಿಸಿಕೊಂಡವರು ಕ್ಲಾರಾ. "ಜಗಳ ಮಾಡಿದ್ದು ನಾನಲ್ಲ. ನಾನು ಉತ್ತರ ಕೊಡ್ತಾ ಇದ್ದೆ ಅಷ್ಟೆ."

"ಉತ್ತರವಾ? ಪುತ್ತೂರಿನಲ್ಲಿ ಶುರು ಮಾಡಿದ್ದು ಯಾರು ಮಾರಾಯ್ತಿ? ನನ್ನ ಚಕ್ಕುಲಿಗೆ ಎಣ್ಣೆ ಜಾಸ್ತಿ ಅಂತ ಹೇಳಿದ್ದು ಯಾರು?"

"ಜಾಸ್ತಿ ಇತ್ತು ತಾನೆ? ತಲೆ ಯಾಕೆ ತಿರುಗ್ತು ಅಂದ್ಕೊಂಡಿದೀರಿ?"

"ತಿರುಗಿದ್ದಕ್ಕೆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತದ್ದು ಯಾರು? ಕಾಲು ಜೋಮು ಹಿಡಿದು ಸತ್ತೇನು ಅಂತ ಆಯಿತು ನನಗೆ!"

"ಅದಕ್ಕೆ ನಾನು ಥ್ಯಾಂಕ್ಸ್ ಹೇಳಲಿಲ್ವಾ?"

"ಇಲ್ಲ!"

"ಹೇಳಿದೆ, ಮಡಿಕೇರಿಲಿ. ನಿಮಗೆ ಕಿವಿ ಆಗಲೇ ಕೇಳ್ತಿರಲಿಲ್ಲ."

ಮದರ್ ಜನರಲ್ ಜಗಲಿಯ ಕಂಬಕ್ಕೆ ಒರಗಿ ನಿಂತು ಇದನ್ನು ಆರಂಭದಿಂದ ಕೇಳಿದರು. ನಡುವೆ ಒಂದು ಸಲ ಬಾಯಿ ತೆರೆದರು, ಇಬ್ಬರೂ ಗಮನಿಸಲಿಲ್ಲ. ಇಡೀ ಸಭೆಗೆ ಮೇಲಿನವರು. ಅವರ ಮಾತಿಗೆ ಎದುರು ಮಾತಿಲ್ಲ. ಇಲ್ಲಿ ಅವರಿಗೆ ಮಾತಾಡಲು ಜಾಗವೇ ಸಿಗಲಿಲ್ಲ. ಕೊನೆಗೆ ಮದರ್ ಬೆನೆಡಿಕ್ಟಾ ಕೈಯಿಂದ ಊಟದ ಗಂಟೆ ಕಸಿದುಕೊಂಡು ಬಾರಿಸಿದರು. ಅಭ್ಯಾಸಬಲದಿಂದ ಇಬ್ಬರೂ ಸುಮ್ಮನಾದರು.

"ಮದರ್ ಬೆನೆಡಿಕ್ಟಾ," ಎಂದರು ಮದರ್ ಜನರಲ್, "ಇವರಿಗೆ ಬೇರೆ ಯಾರನ್ನಾದರೂ ಜೊತೆ ಕೊಟ್ಟು ನೋಡಿದ್ದೀರಾ?"

"ರೈಟರ್ ನೋಡಿದ್ದಾರೆ ಮದರ್."

"ಎಂತ ಆಯಿತು?"

ನಾನು ಒದ್ದೆ ಕೈಯಲ್ಲಿಯೇ ಎದುರು ಬಂದೆ. ಆಗ ಹೇಳಬಹುದಾದ ವಾದಗಳು ನನ್ನ ಹತ್ತಿರ ಬೇಕಾದಷ್ಟಿದ್ದವು: ಶಾಲೆ, ಮದ್ದು, ಮಕ್ಕಳು. ಯಾವುದೂ ನಾಲಿಗೆಗೆ ಬರಲಿಲ್ಲ. "ಇಬ್ಬರೂ ಮಾತು ನಿಲ್ಲಿಸಿಬಿಟ್ಟರು ಮದರ್," ಎಂದೆ. "ಏನೂ ನೆನಪಾಗಲಿಲ್ಲ ಅವರಿಗೆ."

ಮಾರ್ತಾ ನೆಲ ನೋಡಿದರು. ಕ್ಲಾರಾ ಕೆಲಸವಿಲ್ಲದೆ ಅಜ್ಜನ ಹಾರ ಸರಿ ಮಾಡಿದರು.

"ಹ್ಞಾ," ಎಂದರು ಮದರ್ ಜನರಲ್. "ಒಬ್ಬರನ್ನು ಮೈಸೂರಿಗೆ, ಒಬ್ಬರನ್ನು ಮಂಗಳೂರಿಗೆ ಕಳಿಸಿದರೆ ಎರಡು ಮನೆ ಹಾಳಾಗುತ್ತದೆ. ಇಲ್ಲಿಯೇ ಇಟ್ಟರೆ ಹಾಳಾಗುವುದು ಒಂದೇ, ಅದೂ ಇಷ್ಟು ವರ್ಷ ಆಗಿಲ್ಲ. ಇರಲಿ ಬಿಡಿ. ಮಾಡಿನ ಹಂಚು ಮಾತ್ರ ಮಳೆಗಾಲದ ಮೊದಲು ಸರಿ ಮಾಡಿಸಿ."

ನನ್ನ ಕಸುಬಿನವರು ಗಮನಿಸಬೇಕಾದ ಅಂಶವಿದು. ಶಾಲೆಯ ಬಗ್ಗೆ ನಾನು ಬರೆದ ಸೊಗಸಾದ ಅಧ್ಯಾಯವಾಗಲಿ, ಮದ್ದಿನ ಕೋಣೆಯ ಪರ ಹೂಡಿದ ವಾದವಾಗಲಿ ಯಾರ ಮನಸ್ಸನ್ನೂ ತಿರುಗಿಸಲಿಲ್ಲ. ಕಾನ್ವೆಂಟ್ ಉಳಿದದ್ದು ಚಕ್ಕುಲಿಯ ಎಣ್ಣೆಯಿಂದ.

ಪುಸ್ತಕ ಅಚ್ಚು ಹಾಕಿಸುವ ಮಾತು ಕಾರಿನ ಬಾಗಿಲಲ್ಲಿ ಬಂತು. ಮದರ್ ಜನರಲ್ ಕೂಡಲೇ ಕೈಯಾಡಿಸಿದರು. "ಬೇಡ ಬೇಡ. ಅಚ್ಚಾದರೆ ಇಬ್ಬರೂ ಒಂದೊಂದು ಉತ್ತರ ಬರೆಯುತ್ತಾರೆ. ಅದನ್ನು ನಾನು ಓದಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ನೀವು ದೇವರನ್ನು ನಂಬುವುದಿಲ್ಲವಂತೆ. ಎತ್ತು ಕೂರಲಿಲ್ಲ ಎಂದು ಈಗ ಸಂತೋಷವಾ?"

"ಆಗಬೇಕಿತ್ತು ಮದರ್," ಎಂದೆ.

ಹೀಗೆ ನಾನು ನಿವೃತ್ತನಾದೆ. ತಮ್ಮಯ್ಯಜ್ಜನಿಗೆ ಮುಂದಿನ ವರ್ಷದ ಹಾರ ತಪ್ಪಲಿಲ್ಲ ಎಂದು ಕೇಳಿದ್ದೇನೆ. ಎತ್ತು ಕೂರಲಿಲ್ಲ ಎನ್ನುವುದು ಅವನದೊಂದು ಮತ ಎಂದು ಇಬ್ಬರೂ ತೀರ್ಮಾನಿಸಿದ್ದರಂತೆ. ಮುದುಕ, ಮರೆವು ಸಹಜ.

ಹೊರಡುವ ದಿನ ಪಾರ್ಲರಿಗೆ ಇಬ್ಬರೂ ಬಂದರು. ಮಾರ್ತಾ ಬಾಳೆಲೆಯಲ್ಲಿ ಕಟ್ಟಿದ ದೊಡ್ಡ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಹಂದಿ ಮಾಂಸ, ಕಡುಬು. "ದಾರಿಯಲ್ಲಿ ತಿನ್ನಿ ರೈಟರೇ. ಪೂರಾ ತಿನ್ನಬೇಕು."

ಕ್ಲಾರಾ ಪಕ್ಕದಲ್ಲಿ ಒಂದು ಶೀಶೆ ಇಟ್ಟರು. ಒಳಗೆ ಹಸಿರು ಬಣ್ಣದ ಮಿಕ್ಸ್ಚರು. "ತಿಂದ ಮೇಲೆ ಇದು ಕುಡೀರಿ."

"ಎಂತಕ್ಕೆ ಕುಡಿಯಬೇಕು? ನನ್ನ ಅಡುಗೆ ತಿಂದು ಇವತ್ತಿನವರೆಗೆ ಯಾರಿಗೆ ಎಂತ ಆಗಿದೆ?"

"ನಾನೆಲ್ಲಿ ಏನಂದೆ? ಕುಡೀರಿ ಅಂದೆ ಅಷ್ಟೆ."

ಅವರ ಮಾತು ಮುಗಿಯುವ ಲಕ್ಷಣ ಇರಲಿಲ್ಲ, ನನ್ನ ಬಸ್ಸು ಬಂತು. ಎರಡನ್ನೂ ಎತ್ತಿಕೊಂಡು ಓಡಿದೆ. ಬಸ್ಸು ಸುಂಟಿಕೊಪ್ಪ ತಲುಪುವಷ್ಟರಲ್ಲಿ ಎರಡೂ ಖಾಲಿಯಾಗಿದ್ದವು. ಎರಡೂ ಬೇಕಾಗಿದ್ದವು.